ಕ್ಯಾಚರ್ ಇಲ್ಲದ ತಂಡ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನೇತ್ರಾ ಹೊಡೆದ ಆ ಮೊದಲ ಚೆಂಡು ಮೈದಾನದ ಗೋಡೆ ದಾಟಿ ಬಿದ್ದದ್ದು ಗೋವಿನಜೋಳದ ಹೊಲದಲ್ಲೋ ಖಾಲಿ ಸೈಟಿನಲ್ಲೋ, ಆಯ್ಕೆ ಸಭೆಯಲ್ಲಿ ಮಾವ ಕುಳಿತದ್ದು ಕಿಟಕಿಯ ಕಡೆಗೋ ಬಾಗಿಲ ಕಡೆಗೋ, ಖಚಿತವಾಗಿ ಹೇಳಲಾರೆ. ಕಾಲೇಜಿನ ದಿನಗಳಿಂದಲೂ ದಿನಚರಿ ಬರೆಯುವ ಅಭ್ಯಾಸವಿದೆ, ಆದರೆ ಬೇಕಾದ ದಿನಗಳಲ್ಲೇ ಅದು ಕೈಕೊಟ್ಟಿದೆ. ಆ ಸಭೆಯ ದಿನದ ಪುಟದಲ್ಲಿ 'ಗಾಳಿ ಬಹಳ, ತಲೆನೋವು' ಎಂದಷ್ಟೇ ಇದೆ. ಉಳಿದದ್ದು ತಲೆಯಲ್ಲಿ ಉಳಿದದ್ದು. ತಲೆಯಲ್ಲಿ ಉಳಿದದ್ದನ್ನು ನಾನು ಎಷ್ಟೋ ಸಲ ಹೊರಗೆ ತೆಗೆದು, ಒರೆಸಿ, ಮತ್ತೆ ಒಳಗಿಟ್ಟಿದ್ದೇನೆ. ಹಾಗೆ ಒರೆಸುತ್ತ ಹೋದರೆ ಹೊಳಪು ಬರುತ್ತದೆ. ಆದರೆ ಇದ್ದ ಹಾಗೆಯೇ ಇದೆ ಎನ್ನುವ ಧೈರ್ಯ ಹೋಗುತ್ತದೆ.

ಕಳೆದ ತಿಂಗಳು ಮುಳಗುಂದದಿಂದ ಗದಗಿಗೆ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕುಳಿತ ಹೆಂಗಸಿನ ಕಾಲ ಬಳಿ ಒಂದು ಡಬ್ಬಿ ಇತ್ತು. ರಸ್ತೆಯ ಕುಲುಕಿಗೆ ಮುಚ್ಚಳ ಸಡಿಲವಾಗಿ ಹೊಸದಾಗಿ ಗಾಣದಿಂದ ಬಂದ ಕುಸುಬಿ ಎಣ್ಣೆಯ ವಾಸನೆ ಹರಡಿತು. ಬೇರೆಯವರಿಗೆ ಆ ವಾಸನೆಗೆ ಒಗ್ಗರಣೆ ನೆನಪಾಗುತ್ತದೆ. ನನಗೆ ನೆನಪಾಗುವುದು ತೊಗಲು. ನನ್ನ ತಂಗಿ ತನ್ನ ದಪ್ಪ ಗ್ಲೌಸಿಗೆ ವಾರಕ್ಕೊಮ್ಮೆ ಕುಸುಬಿ ಎಣ್ಣೆ ಹಚ್ಚಿ, ನಡುವೆ ಚೆಂಡಿಟ್ಟು, ಅವ್ವನ ಹಳೇ ಸೀರೆಯ ಅಂಚಿನಿಂದ ಬಿಗಿದು ಕಟ್ಟಿ ಬಿಸಿಲಿಗೆ ಇಡುತ್ತಿದ್ದಳು. ಬಸ್ಸು ಗದಗ ಮುಟ್ಟುವಷ್ಟರಲ್ಲಿ ಆ ಒಂದು ಚಳಿಗಾಲ ಪೂರ್ತಿ ನನ್ನ ಎದುರಿಗಿತ್ತು.

ಕೊರೋನಾ ಮುಗಿದು ಮೈದಾನದ ಗೇಟುಗಳು ತೆರೆದ ಮೊದಲ ಚಳಿಗಾಲ ಅದು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಲಕ್ಷ್ಮೇಶ್ವರದ ಮನೆಗೆ ಬಂದು, ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಕಾಯುತ್ತಿದ್ದೆ. ತಂಗಿ ವಿಜಯಲಕ್ಷ್ಮಿ, ನಮ್ಮೆಲ್ಲರ ವಿಜಿ, ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಅವಳು ಆಡುತ್ತಿದ್ದದ್ದು ಬೇಸ್‌ಬಾಲ್. ಅದು ಕ್ರಿಕೆಟ್ ಅಲ್ಲ ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅವ್ವನಿಗೆ ಸಾಕಾಗಿತ್ತು. "ಅದರಾಗ ಬ್ಯಾಟು ಒನಕಿ ಇದ್ದಂಗ ಇರತೈತ್ರಿ. ಹೊಡದು ಓಡಿ, ಮೂರು ಮೂಲಿ ಮುಟ್ಟಿ, ಹೊಳ್ಳಿ ಮನಿಗೆ ಬರಬೇಕು. ಬಂದ್ರ ಒಂದು ರನ್," ಎಂಬುದು ಅವ್ವನ ವಿವರಣೆ. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಆಟವನ್ನು ನಮ್ಮ ಕಡೆಗೆ ತಂದವರು ಅವ್ವನ ಅಣ್ಣ, ಶಂಕ್ರಪ್ಪ ಮಾವ. ಶಿರಹಟ್ಟಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರು. ಯಾವುದೋ ಶಿಬಿರಕ್ಕೆ ಹೋದವರು ಅಲ್ಲಿಂದ ಒಂದು ಬ್ಯಾಟು, ನಾಲ್ಕು ಗ್ಲೌಸು ಹಿಡಿದು ಬಂದು, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಹೀಗೆ ನಾಲ್ಕು ಕಡೆ ಹುಡುಗಿಯರ ತಂಡ ಕಟ್ಟಿಸಿದರು. ವಿಜಿಗೆ ಕ್ಯಾಚರ್ ಜಾಗ ಕೊಟ್ಟವರೂ ಅವರೇ. ಬ್ಯಾಟು ಹಿಡಿದವಳ ಹಿಂದೆ, ಮುಖಕ್ಕೆ ಜಾಲರಿ ಹಾಕಿಕೊಂಡು ಕುಕ್ಕರುಗಾಲಲ್ಲಿ ಕುಳಿತು ಎಸೆದ ಪ್ರತಿ ಚೆಂಡನ್ನೂ ಹಿಡಿಯುವ ಕೆಲಸ ಅದು. ವಿಜಿ ಮೊದಲು ಅತ್ತಿದ್ದಳಂತೆ. ಮಾವ, "ಹುಚ್ಚಿ, ಉಳದವರೆಲ್ಲಾ ಆಟಾ ಆಡ್ತಾರ. ಹಿಂದ ಕುಂತಾಕಿಗೆ ಆಟಾ ಕಾಣತೈತಿ," ಎಂದರಂತೆ. ಅಂದಿನಿಂದ ಅವಳು ಬೇರೆ ಜಾಗ ಕೇಳಲಿಲ್ಲ.

ಆ ವರ್ಷ ಅವಳಿಗೆ ಇದ್ದದ್ದು ಒಂದೇ ದಾರಿ. ಪಿಯುಸಿ ಮುಗಿದರೆ ನಮ್ಮ ಕಡೆ ಹುಡುಗಿಯರಿಗೆ ಆಡಲು ತಂಡವೇ ಇಲ್ಲ. ಕೊರೋನಾ ಈಗಾಗಲೇ ಎರಡು ವರ್ಷ ನುಂಗಿತ್ತು. ಸಂಕ್ರಾಂತಿಯ ಹೊತ್ತಿಗೆ ನಾಲ್ಕೂ ಊರಿನಿಂದ ಆಯ್ದ ಒಂದು ತಂಡ ಧಾರವಾಡದ ತಂಡದೊಂದಿಗೆ ಗದಗಿನಲ್ಲಿ ಆಡುವುದಿತ್ತು. ಅದನ್ನು ನೋಡಲು ಧಾರವಾಡದ ಒಂದು ಕ್ರೀಡಾ ಹಾಸ್ಟೆಲಿನವರು ಬರುತ್ತಾರೆ, ಮೆಚ್ಚಿದವರಿಗೆ ಡಿಗ್ರಿ ಮುಗಿಯುವವರೆಗೆ ಅಲ್ಲೇ ಇದ್ದು ಓದಿ ಆಡುವ ಅವಕಾಶ ಕೊಡುತ್ತಾರೆ ಎಂದು ಮಾವ ಹೇಳಿದ್ದರು. ಅಪ್ಪ ಯಾವತ್ತೂ ಗದರಿದವರಲ್ಲ. ಆದರೆ ಅಂದು ಊಟದ ನಡುವೆ ಕೈ ನಿಲ್ಲಿಸಿ ಹೇಳಿದ್ದರು: "ಆಯ್ದ ತಂಡದಾಗ ಹೆಸರು ಬಂದ್ರ ಧಾರವಾಡಕ್ಕ ನಾನ ಬಿಟ್ಟು ಬರ್ತೀನಿ. ಬರಲಿಲ್ಲಂದ್ರ ಆ ಗ್ಲೌಸು ಅಟ್ಟದ ಮ್ಯಾಲ ಇಡು. ಮತ್ತ ಅದರ ಸುದ್ದಿ ತಗೀಬ್ಯಾಡ."

ವಿಜಿ "ಆತು" ಎಂದಳು. ಅಷ್ಟೇ.

ಹುಡುಗಿಯರ ತಂಡದ ಜೊತೆ ಒಬ್ಬ ಹೆಂಗಸು ಇರಲೇಬೇಕು. ಹಾಗಾಗಿ ಆಟದ ಗಂಧವಿಲ್ಲದ ನಾನು ಲಕ್ಷ್ಮೇಶ್ವರ ತಂಡದ ಲೇಡಿ ಮ್ಯಾನೇಜರ್ ಆದೆ. ನನ್ನ ಕೆಲಸ ನೀರಿನ ಕ್ಯಾನು, ಬ್ಯಾಂಡೇಜು, ಬಸ್ಸಿನಲ್ಲಿ ತಲೆ ಎಣಿಸುವುದು. ತಂಡಕ್ಕೆ ಆಟ ಕಲಿಸುತ್ತಿದ್ದವರು ಖಾದರ್ ಸರ್, ಮಾವನ ಹಳೇ ಗೆಳೆಯ.

ದಸರಾ ಮುಗಿದ ಕೂಡಲೇ ಪಂದ್ಯಗಳು ಶುರುವಾದವು. ಮಳೆಗಾಲದ ಪಡುವಣ ಗಾಳಿ ಇನ್ನೂ ಬಿಟ್ಟಿರಲಿಲ್ಲ. ಗದಗಿನ ಮೈದಾನದಲ್ಲಿ ಬ್ಯಾಟು ಹಿಡಿದವಳ ಬೆನ್ನಿಗೆ ಆ ಗಾಳಿ. ಗದಗ ತಂಡದ ನೇತ್ರಾ, ಎತ್ತರದ, ನಗುಮುಖದ ಹುಡುಗಿ, ಮೊದಲ ಎರಡು ಪಂದ್ಯಗಳಲ್ಲಿ ಚೆಂಡನ್ನು ಗೋಡೆಯಾಚೆ ಕಳಿಸಿದಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ವಾರದೊಳಗೆ ಆ ತುಣುಕು ನಾಲ್ಕೂ ಊರಿನ ಫೋನುಗಳಲ್ಲಿತ್ತು. ನಮ್ಮ ಬೀದಿಯ ಕಿರಾಣಿ ಅಂಗಡಿಯವನೂ ನನಗೆ ತೋರಿಸಿದ. "ಏನ್ ಹೊಡ್ತಾಳ್ರಿ ಆ ಹುಡಿಗಿ! ನಿಮ್ಮ ತಂಗಿ ಏನ್ ಮಾಡ್ತಾಳ?"

"ಹಿಂದ ಕುಂಡರ್ತಾಳ್ರಿ," ಎಂದೆ.

"ಹಂಗಂದ್ರ ಕಾಯಮ್ ಆಡೂದಿಲ್ಲೇನು ಪಾಪ?"

ದೀಪಾವಳಿಯ ನಂತರ ಗಾಳಿ ತಿರುಗಿತು. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳು ಮೂಡಣಕ್ಕೆ ಮುಖ ಮಾಡಿ ನಿಂತವು. ಅದೇ ನೇತ್ರಾ ಅಷ್ಟೇ ಜೋರಿನಿಂದ ಹೊಡೆದ ಚೆಂಡು ಎದುರುಗಾಳಿಗೆ ಸಿಕ್ಕು ನಡು ಮೈದಾನದಲ್ಲೇ ಇಳಿದು ಯಾರದೋ ಕೈ ಸೇರುತ್ತಿತ್ತು. ಆಮೇಲೆ ಅವಳು ಗೋಡೆ ದಾಟಿಸಿದ್ದನ್ನು ನಾನು ನೋಡಲಿಲ್ಲ. ಅವಳ ತಪ್ಪೇನೂ ಇರಲಿಲ್ಲ. ಆದರೆ ಗಾಳಿ ತಿರುಗಿದ್ದನ್ನು ಯಾರೂ ಫೋನಿನಲ್ಲಿ ಹಿಡಿದಿರಲಿಲ್ಲ.

ನಮ್ಮ ತಂಡದಲ್ಲಿ ಹೆಸರಾದವಳು ಶಮಶಾದ್, ಚೆಂಡು ಎಸೆಯುವ ಪಿಚರ್. ತೆಳ್ಳಗಿನ ಮೈ, ಉದ್ದನೆಯ ಕೈ. ಅವಳ ಒಂದು ಎಸೆತ ಬ್ಯಾಟಿನ ಹತ್ತಿರ ಬಂದು ತಟ್ಟನೆ ಕೆಳಗಿಳಿದು ನೆಲಕ್ಕೆ ಬಡಿಯುತ್ತಿತ್ತು. ಬ್ಯಾಟು ಗಾಳಿ ಕಡಿಯುತ್ತಿತ್ತು, ಜನ ಚಪ್ಪಾಳೆ ಹೊಡೆಯುತ್ತಿದ್ದರು. ಆ ಚೆಂಡು ಆಮೇಲೆ ಎಲ್ಲಿ ಹೋಯಿತು ಎಂದು ಯಾರೂ ನೋಡುತ್ತಿರಲಿಲ್ಲ, ಏಕೆಂದರೆ ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಎರೆಮಣ್ಣಿನ ಬಿರುಕಿಗೆ ಬಡಿದು ಅಡ್ಡಾದಿಡ್ಡಿ ಪುಟಿಯುವ ಚೆಂಡಿಗೆ ವಿಜಿ ಮೊಣಕಾಲು, ಎದೆ, ಗಂಟಲು, ಏನು ಸಿಕ್ಕರೆ ಅದನ್ನು ಅಡ್ಡ ಕೊಡುತ್ತಿದ್ದಳು. ಈ ಆಟದಲ್ಲಿ ಒಂದು ವಿಚಿತ್ರ ನಿಯಮವಿದೆ. ಮೂರು ಸಲ ತಪ್ಪಿದ ಬ್ಯಾಟಿನವಳು ಔಟು. ಆದರೆ ಮೂರನೆಯ ಚೆಂಡನ್ನು ಕ್ಯಾಚರ್ ಹಿಡಿಯದೆ ಬಿಟ್ಟರೆ, ಮೊದಲ ಮೂಲೆ ಖಾಲಿಯಿದ್ದರೆ, ಔಟಾಗಬೇಕಾದವಳು ಅಲ್ಲಿಗೆ ಓಡಬಹುದು. ಮೂಲೆಯಲ್ಲಿ ನಿಂತವಳೂ ಕ್ಯಾಚರ್ ಬಿಟ್ಟ ಚೆಂಡಿಗೆ ಮುಂದಿನ ಮೂಲೆಗೆ ಓಡಬಹುದು. ಶಮಶಾದಳ ಅರ್ಧ ಹೆಸರು ವಿಜಿಯ ಗ್ಲೌಸಿನೊಳಗಿತ್ತು ಎಂದು ನಾನು ಹೇಳಿದರೆ ಅಕ್ಕನ ಮಾತು ಎಂದಾಗುತ್ತದೆ. ಶಮಶಾದಳೇ ಹೇಳುತ್ತಿದ್ದಳು. "ಲೇ ವಿಜಿ, ನೀ ಇಲ್ಲಂದ್ರ ನನ್ನ ಚೆಂಡು ಬೆಟಗೇರಿ ಸಂತಿಗೆ ಹೋಗತೈತಿ ನೋಡು, ಬದನಿಕಾಯಿ ತರಾಕ."

"ಹೋಗ್ಲಿ ತಗೋ. ಬರ್ತಾ ನಾಕು ಮೆಣಸಿನಕಾಯಿ ಭಜಿನೂ ತರಲಿ."

ಹಾಗೆ ನಗುತ್ತಿದ್ದ ವಿಜಿ ಡಿಸೆಂಬರ್ ಹತ್ತಿರವಾದಂತೆ ಮಾತು ಕಡಿಮೆ ಮಾಡಿದಳು. ಒಂದು ಸಂಜೆ ಅವಳ ಎಡಗೈ ಬೆರಳು ಬಾತು ಬದನೆಯಾಗಿತ್ತು. ಅಪ್ಪನಿಗೆ ಕಾಣದಂತೆ ಸೆರಗಿನಡಿ ಮುಚ್ಚಿಕೊಂಡು ಊಟ ಬಡಿಸಿದಳು. ಸೆರಗಲ್ಲ, ಅವಳು ಆಗ ಸೀರೆ ಉಡುತ್ತಿರಲಿಲ್ಲ. ಓಢಣಿ ಇರಬೇಕು. ನೋಡಿ, ನನ್ನ ನೆನಪಿನ ಪಾಡು ಇದು.

ತಂಡ ಆರಿಸುವ ಕ್ರಮ ಆ ವರ್ಷ ಹೊಸದು. ಸಮಿತಿಯ ಅಧ್ಯಕ್ಷರು ಗದಗಿನ ಉಳ್ಳಾಗಡ್ಡಿ ವ್ಯಾಪಾರಿ ಬಸಣ್ಣನವರು. ಮೈದಾನಕ್ಕೆ ನೀರು, ನೆರಳು, ಊಟ ಎಲ್ಲ ಅವರದೇ. ಕೆಟ್ಟ ಮನುಷ್ಯರಲ್ಲ. ಜನರಿಗೆ ಆಟದಲ್ಲಿ ಆಸಕ್ತಿ ಬರಲಿ ಎಂದು ಫೋನಿನಲ್ಲಿ ಮತ ಹಾಕುವ ವ್ಯವಸ್ಥೆ ಮಾಡಿಸಿದರು. ಹನ್ನೆರಡು ಜನರ ತಂಡದಲ್ಲಿ ಹನ್ನೊಂದು ಹೆಸರು ಜನರ ಮತದಿಂದ, ಒಂದು ಮಾತ್ರ ಸಮಿತಿಯಿಂದ. ಯಾವ ಊರೂ ಖಾಲಿ ಕೈಯಲ್ಲಿ ಹೋಗಬಾರದು, ಊರಿಗೊಬ್ಬಳಾದರೂ ಇರಲೇಬೇಕು. ಮತ ಮುಗಿಯುವುದು ಎಳ್ಳಮವಾಸ್ಯೆಗೆ. ಕೊನೆಯ ಸುತ್ತಿನ ಪಂದ್ಯಗಳು ಇನ್ನೂ ಬಾಕಿ ಇದ್ದವು. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನನಗೂ.

ಎಳ್ಳಮವಾಸ್ಯೆಯ ದಿನ ನಾವೆಲ್ಲ ಹೊಲಕ್ಕೆ ಹೋಗಿದ್ದೆವು. ಮಾವ, ಅತ್ತೆಯೂ ಶಿರಹಟ್ಟಿಯಿಂದ ಬಂದಿದ್ದರು. ಬಿಳಿಜೋಳ ಎದೆಮಟ್ಟ, ಕುಸುಬಿ ಇನ್ನೂ ಹೂವಿಲ್ಲ. ಅಪ್ಪ ಚರಗದ ಬುಟ್ಟಿ ಹಿಡಿದು, ಕಡುಬು, ಕಾಳುಪಲ್ಯ, ಅನ್ನ ಕಲಸಿದ್ದನ್ನು ಹೊಲದ ನಾಲ್ಕೂ ಮೂಲೆಗೆ ಚೆಲ್ಲುತ್ತ ನಡೆದರು. ಭೂಮಿತಾಯಿಗೆ ಆ ದಿನದ ಊಟ ಅದು. ಯಾವ ಮೂಲೆಯೂ ಉಪವಾಸ ಇರಬಾರದು. ಬೆಳೆ ಇಲ್ಲದ ಸವುಳು ಮೂಲೆಗೂ ಒಂದು ತುತ್ತು. ವಿಜಿ ಬದುವಿನ ಮೇಲೆ ಫೋನು ಹಿಡಿದು ಸಿಗ್ನಲ್ಲಿಗಾಗಿ ಅತ್ತ ಇತ್ತ ನಡೆಯುತ್ತಿದ್ದಳು. ಊಟಕ್ಕೆ ಕೂತಾಗ ಬಂತು.

"ಓದು," ಎಂದರು ಅಪ್ಪ.

ಅವಳು ಓದಲಿಲ್ಲ, ಫೋನು ನನಗೆ ಕೊಟ್ಟಳು. ಮೊದಲ ಹೆಸರು ನೇತ್ರಾ. ಶಮಶಾದ್ ಇದ್ದಳು. ಗದಗ ದೊಡ್ಡ ಊರು, ಮತವೂ ದೊಡ್ಡದು, ಅರ್ಧಕ್ಕಿಂತ ಹೆಚ್ಚು ಅವರೇ. ಶಿರಹಟ್ಟಿಯಿಂದ ಇಬ್ಬರೋ ಮೂವರೋ. ಮುಂಡರಗಿಯಿಂದ ಯಾರೂ ಇಲ್ಲ. ವಿಜಿ ಇಲ್ಲ. ಎರಡನೆಯ ಸಲ ಓದಿದಾಗ ಇನ್ನೊಂದು ಕಂಡಿತು: ನಾಲ್ಕೂ ಊರಿನ ಕ್ಯಾಚರ್‌ಗಳಲ್ಲಿ ಒಬ್ಬಳ ಹೆಸರೂ ಇರಲಿಲ್ಲ. ಜಾಲರಿಯ ಹಿಂದಿನ ಮುಖಕ್ಕೆ ಯಾರೂ ಮತ ಹಾಕಿರಲಿಲ್ಲ.

"ಇನ್ನೊಂದ್ ಹೆಸರು ಕಮಿಟಿ ಹಾಕತೈತಿ," ಎಂದಳು ಅವ್ವ, ಅಣ್ಣನ ಮುಖ ನೋಡಿ. ಸಮಿತಿಯ ನಾಲ್ವರಲ್ಲಿ ಮಾವ ಒಬ್ಬರು.

 ಆ ಹೊತ್ತಿಗೆ ಆಟದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಸಾಲನ್ನು ಮಾವ ತಮ್ಮ ಫೋನಿನಲ್ಲಿ ನೋಡುತ್ತಿದ್ದರು. 'ಸೋದರಮಾವ ಕಮಿಟಿಯಾಗ ಇರೂಮಟ ಲಕ್ಷ್ಮೇಶ್ವರದವರಿಗೆ ಚಿಂತಿ ಯಾಕ?' ಅದರ ಕೆಳಗೆ ನಗುವ ಮುಖಗಳ ಸಾಲು. ಮಾವ ಫೋನು ಕಿಸೆಗೆ ಹಾಕಿ, ತಟ್ಟೆಯಲ್ಲಿದ್ದ ಸಜ್ಜಿ ರೊಟ್ಟಿ ಮುರಿದು ಮುರಿದು ಪುಡಿ ಮಾಡಿದರು. ತಿಂದದ್ದು ನೆನಪಿಲ್ಲ.

ಸಭೆ ಬೆಟಗೇರಿಯಲ್ಲಿ, ಮಗ್ಗದ ಶೆಡ್ಡೊಂದರ ಮೇಲಿನ ಕೋಣೆಯಲ್ಲಿ ನಡೆಯಿತು. ಕೆಳಗೆ ಮಗ್ಗಗಳು ಖಟಾ ಖಟ್ ಎನ್ನುತ್ತಿದ್ದವು. ನೆಲ ಸಣ್ಣಗೆ ನಡುಗುತ್ತಿತ್ತು, ಚಹಾದ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಮೇಜಿನ ಸುತ್ತ ಬಸಣ್ಣನವರು, ಮಾವ, ಖಾದರ್ ಸರ್, ಮತ್ತು ಮುಂಡರಗಿ ತಂಡದ ಹನಮಂತಪ್ಪ ಮಾಸ್ತರರು. ಮ್ಯಾನೇಜರುಗಳಾದ ನಮಗೆ ಗೋಡೆಯ ಬದಿ ಬೆಂಚು, ಬಾಯಿ ತೆರೆಯುವ ಅಧಿಕಾರವಿಲ್ಲ. ವಿಜಿ ಬರಲಿಲ್ಲ. ಬರುವಾಗ ಒಂದೇ ಮಾತು ಹೇಳಿದ್ದಳು: "ಅಕ್ಕಾ, ಏನಾದ್ರೂ ಫೋನಿನಾಗ ಹೇಳಬ್ಯಾಡ. ಮನಿಗೆ ಬಂದ ಹೇಳು."

ಖಾದರ್ ಸರ್ ಮೊದಲು ಮಾತೆತ್ತಿದರು. "ಬಸಣ್ಣಾರ, ಹನ್ನೊಂದ್ ಮಂದಿ ಆದ್ರು, ಛಲೋ ಆತು. ಹಿಂದ ಕುಂಡ್ರಾಕಿ ಯಾರು?"

"ಯಾರರ ಕುಂಡರ್ತಾರ ತಗೋರಿ ಸರ್. ಕುಂಡ್ರೂದು ಏನ್ ದೊಡ್ಡ ವಿದ್ಯಾ?"

"ನೀವು ಒಮ್ಮೆ ಶಮಶಾದ್ ಮುಂದ ಕುಂತ ನೋಡ್ರಿ. ಆಮ್ಯಾಲ ಹಲ್ಲು ಎಣಸೂಣು."

ಎಲ್ಲರೂ ನಕ್ಕರು, ಬಸಣ್ಣನವರೂ. ನಗು ಮುಗಿದ ಮೇಲೆ ಅವರು ಅಂಗೈಯನ್ನು ಮೇಜಿನ ಮೇಲಿಟ್ಟರು. "ನೋಡ್ರಿ, ಜನಾ ಆರಿಸಿದವರನ್ನ ನಾ ತಗ್ಯಾಂಗಿಲ್ಲ. ಉಳದದ್ದು ಒಂದ ಜಾಗಾ. ಮುಂಡರಗಿಯಿಂದ ಒಬ್ಬಾಕಿನೂ ಇಲ್ಲ. ಇದೂ ಚರಗ ಚೆಲ್ಲಿದಂಗ ರೀ. ಯಾವ ಮೂಲಿನೂ ಬರೇ ಬಿಡಬಾರದು. ಆ ಜಾಗಾ ಮುಂಡರಗಿದು."

"ಹಂಗಾರ ಮುಂಡರಗಿ ಕ್ಯಾಚರ್‌ನ್ನ ತಗೋರಿ," ಎಂದರು ಖಾದರ್ ಸರ್, ಸೋತ ದನಿಯಲ್ಲಿ.

ಹನಮಂತಪ್ಪ ಮಾಸ್ತರರು ತಲೆ ಅಲ್ಲಾಡಿಸಿದರು. "ನಮ್ಮ ಕ್ಯಾಚರ್ ಎಂಟನೆತ್ತಿ ಹುಡಿಗ್ರಿ. ಶಮಶಾದ್ ಚೆಂಡು ಹಿಡ್ಯಾಕ ಹೋದ್ರ ಚೆಂಡಿನ ಕೂಡ ಆಕಿನೂ ಹಾರಿ ಹೋಗ್ತಾಳ. ನಮ್ಮಲ್ಲಿಂದ ಕಳಸೂದಾದ್ರ ಹೊಳಿದಂಡಿ ಊರು ಹಮ್ಮಿಗಿ ರೇಣುಕಾ ಅದಾಳ, ದೂರ ನಿಂತು ಚೆಂಡು ಹಿಡ್ಯಾಕಿ. ಛಲೋ ಹುಡಿಗಿ."  ಕೆಳಗೆ ಯಾವುದೋ ಮಗ್ಗ ನಿಂತು ಮತ್ತೆ ಶುರುವಾಯಿತು. "ಆದ್ರ ಖರೆ ಹೇಳ್ಬೇಕಂದ್ರ, ತಂಡಕ್ಕ ಬೇಕಾಗಿದ್ದು ಲಕ್ಷ್ಮೇಶ್ವರದ ಆ ವಿಜಯಲಕ್ಷ್ಮಿ. ನಮ್ಮ ಪಾಲು ನಾವ್ ಬಿಡ್ತೀವಿ. ಆಕಿನ್ನ ಹಾಕ್ರಿ."

ನಾನು ಬೆಂಚಿನ ತುದಿಗೆ ಸರಿದೆ. ಬಸಣ್ಣನವರ ಮುಖ ಕೆಂಪಾಯಿತು. "ಪಾಲು ಬಿಡ್ತೀರಿ? ನಾಳೆ ಮುಂಡರಗಿ ಮಂದಿ ನನ್ನ ಅಂಗಡಿ ಮುಂದ ಬಂದು ಕುಂತ್ರ ನೀವ್ ಬಂದು ಎಬ್ಬಸ್ತೀರೇನು? ಬ್ಯಾಡ್ರಿ ಮಾಸ್ತರ."

"ಕೈ ಎತ್ತಸ್ರಿ," ಎಂದರು ಖಾದರ್ ಸರ್. "ನಾಕ ಮಂದಿ ಅದೀವಿ. ವಿಜಯಲಕ್ಷ್ಮಿ ಬೇಕಂದವರು ಕೈ ಎತ್ತಲಿ."

ಖಾದರ್ ಸರ್ ಎತ್ತಿದರು. ಹನಮಂತಪ್ಪ ಮಾಸ್ತರರು ಎತ್ತಿದರು. ಬಸಣ್ಣನವರ ಕೈ ಮೇಜಿನ ಮೇಲೇ ಇತ್ತು. ಮೂರನೆಯ ಕೈ ಏಳದಿದ್ದರೆ ಎರಡು ಎರಡು, ಸಮ. ಸಮವಾದರೆ ಅಧ್ಯಕ್ಷರ ಮಾತೇ ನಡೆಯಬೇಕು. ಎಲ್ಲರೂ ಮಾವನ ಕಡೆ ನೋಡಿದರು.

ಇಲ್ಲಿ ನನ್ನ ನೆನಪು ನನಗೇ ಎರಡು ಸಾಕ್ಷಿ ಹೇಳುತ್ತದೆ. ಒಂದರಲ್ಲಿ ಮಾವನ ಬಲಗೈ ಮೇಜಿನಿಂದ ಗೇಣುದ್ದ ಮೇಲೆದ್ದು, ಹಾಗೇ ಮುಖದ ಕಡೆ ತಿರುಗಿ ಕನ್ನಡಕ ತೆಗೆಯಿತು. ಇನ್ನೊಂದರಲ್ಲಿ ಕೈ ಮೊದಲಿನಿಂದಲೂ ಕನ್ನಡಕದ ಕಡೆಗೇ ಹೊರಟಿತ್ತು. ಎರಡರಲ್ಲೂ ಅವರು ಅಂಗಿಯ ತುದಿಯಿಂದ ಗಾಜು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಶಂಕ್ರಪ್ಪಾ," ಎಂದರು ಖಾದರ್ ಸರ್ ಮೆಲ್ಲಗೆ. "ಆಕಿಗೆ ಆಟಾ ಕಲಿಸಿದಾಂವ ನೀನ."

"ಅದಕ್ಕ ನಾ ಮಾತಾಡಬಾರದು," ಎಂದರು ಮಾವ.

ರೇಣುಕಾಳ ಹೆಸರು ಬರೆದುಕೊಂಡರು. ಚಹಾ ಆರಿ ಕೆನೆಗಟ್ಟಿತ್ತು. ಮೆಟ್ಟಿಲಿಳಿಯುವಾಗ ಮಾವ ನನ್ನ ಹಿಂದೆಯೇ ಬಂದರು. ಏನಾದರೂ ಹೇಳುತ್ತಾರೆಂದು ಕೊನೆಯ ಮೆಟ್ಟಿಲಲ್ಲಿ ನಿಂತೆ. "ಬಸ್ಸಿಗೆ ಹೊತ್ತಾತು, ನಡಿ," ಎಂದರು.

ಮನೆಗೆ ಬಂದಾಗ ವಿಜಿ ಅಂಗಳದಲ್ಲಿ ನಿಂತಿದ್ದಳು. ನನ್ನ ಮುಖ ನೋಡಿದಳು. ನಾನು ಹೇಳಬೇಕಾಗಲೇ ಇಲ್ಲ. "ಯಾರ್ ಯಾರು ಕೈ ಎತ್ತಿದ್ರು?" ಎಂದಷ್ಟೇ ಕೇಳಿದಳು. ಹೇಳಿದೆ. ಅವಳು ಒಂದು ಹೆಸರಿಗಾಗಿ ಕಾಯುತ್ತಿದ್ದಳು. ನಾನು ನಿಲ್ಲಿಸಿದಾಗ, "ಆತು" ಎಂದಳು, ಅಪ್ಪನಿಗೆ ಹೇಳಿದ ಹಾಗೆಯೇ.

ಪಂದ್ಯದ ದಿನ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆ ಶಮಶಾದ್ ಮನೆ ಬಾಗಿಲಿಗೆ ಬಂದಳು. "ಲೇ, ಆಡೂದು ಬ್ಯಾಡ, ನನ್ನ ಕೈ ಬಿಸಿ ಮಾಡಾಕರ ಬಾ. ಆ ನೇತ್ರಾನ್ನ ಹಿಂದ ಕುಂಡ್ರಸ್ತಾರಂತ. ಪಾಪ, ಆಕಿ ಮಾರಿ ಮ್ಯಾಲೆ ಚೆಂಡು ಹೋದ್ರ ಗದಗ ಮಂದಿ ನನ್ನ ಊರಿಗೆ ಬರಗೊಡೂದಿಲ್ಲ." ವಿಜಿ ನಕ್ಕಳು, ಬಹಳ ದಿನದ ಮೇಲೆ. ಚೂಡಿದಾರದಲ್ಲೇ ಹೊರಟಳು.

ಮೈದಾನದ ಬೇವಿನ ಮರದ ಹತ್ತಿರ ಶಮಶಾದ್ ಎಸೆಯುತ್ತಿದ್ದಳು, ವಿಜಿ ಓಢಣಿ ಸೊಂಟಕ್ಕೆ ಬಿಗಿದು ಹಿಡಿಯುತ್ತಿದ್ದಳು. ಜಾಲರಿಯಿಲ್ಲ, ಎದೆಗವಚವಿಲ್ಲ. ಒಂದು ಚೆಂಡು ನೆಲಕ್ಕೆ ಬಡಿದು ಪಕ್ಕಕ್ಕೆ ಹಾರಿತು. ಅವಳು ಮಂಡಿಯೂರಿ ಜಾರಿ ಅದನ್ನು ಎದೆಯಿಂದ ತಡೆದು ಎದುರಿಗೇ ಬೀಳಿಸಿಕೊಂಡಳು. ಆಗ ಹಾಸ್ಟೆಲಿನಿಂದ ಪಂದ್ಯ ನೋಡಲು ಬಂದ ಬಾಯಿಯವರು, ಟೋಪಿ ಹಾಕಿದ ನಡುವಯಸ್ಸಿನ ಶಿಕ್ಷಕಿ, ಬಸಣ್ಣ ಮತ್ತು ಮಾವನ ಜೊತೆ ಆ ದಾರಿಯಲ್ಲಿ ಬಂದರು. ನಿಂತರು. ಇನ್ನೂ ಎರಡು ಮೂರು ಚೆಂಡು ನೋಡಿದರು. ನಾನು ನೀರಿನ ಕ್ಯಾನು ಹಿಡಿದು ಹತ್ತಿರದಲ್ಲೇ ಇದ್ದೆ. ಆದರೆ ಗಾಳಿ ಮಾತನ್ನು ಅರ್ಧ ಹೊತ್ತೊಯ್ಯುತ್ತಿತ್ತು.

"ಆ ಹುಡುಗಿ ಯಾರು?" ಎಂದು ಅವರು ಕೇಳಿದರು.

"ನಮ್ಮ ತಂಗಿ ಮಗಳ್ರಿ," ಎಂದರು ಮಾವ.

ಬಾಯಿಯವರು ಪರಿಚಯದವರ ಬಂಧುಗಳನ್ನು ಕಂಡಾಗ ನಗುವ ಹಾಗೆ ನಕ್ಕು, "ಓ, ಹೌದಾ," ಎಂದು ಮುಂದೆ ಹೋದರು.

ಇದು ನಾನು ಕೇಳಿಸಿಕೊಂಡದ್ದು. ವಿಜಿ ಇದನ್ನು ಒಪ್ಪುವುದಿಲ್ಲ. ಅವರು ಕೇಳಿದ್ದು ಶಮಶಾದಳ ಬಗ್ಗೆ, ತನ್ನ ಬಗ್ಗೆ ಅಲ್ಲವೇ ಅಲ್ಲ ಎನ್ನುತ್ತಾಳೆ. ಹಾಗಾದರೆ ಮಾವ ಕೊಟ್ಟ ಉತ್ತರ? "ನಿನಗ ಗಾಳ್ಯಾಗ ಏನೋ ಕೇಳೈತಿ," ಎನ್ನುತ್ತಾಳೆ. ಅವಳಿಗೆ ಹಾಗೆ ನಂಬುವುದು ಬೇಕಾಗಿದೆಯೋ, ನನಗೆ ಹೀಗೆ ನಂಬುವುದು ಬೇಕಾಗಿದೆಯೋ.

ಪಂದ್ಯ ಶುರುವಾಯಿತು. ನೇತ್ರಾ ಜಾಲರಿ ಹಾಕಿ ಕುಳಿತಳು. ಅವಳ ಉದ್ದ ಕಾಲಿಗೆ ಆ ಕುಕ್ಕರುಗಾಲು ಒಗ್ಗುತ್ತಿರಲಿಲ್ಲ. ಆದರೂ ಹೆದರಲಿಲ್ಲ, ಅದನ್ನು ಹೇಳಲೇಬೇಕು. ಶಮಶಾದ್ ತನ್ನ ಇಳಿಯುವ ಚೆಂಡು ಎಸೆದಳು. ಧಾರವಾಡದ ಹುಡುಗಿ ಮೂರನೆಯ ಸಲವೂ ತಪ್ಪಿದಳು. ಚಪ್ಪಾಳೆ. ಆದರೆ ಚೆಂಡು ನೇತ್ರಾಳ ಕಾಲಡಿಯಿಂದ ಸೀದಾ ಗೋಡೆಗೆ ಹೋಗಿತ್ತು. ಔಟಾದವಳು ಒಂದು ಕ್ಷಣ ನಿಂತು, ಅರ್ಥವಾಗಿ, ಓಡಿದಳು. ಚಪ್ಪಾಳೆ ನಡುವೆಯೇ ನಿಂತಿತು. ಮುಂದಿನವಳಿಗೆ ಎಸೆಯುವಾಗ ಮತ್ತೊಂದು ಚೆಂಡು ಗೋಡೆಗೆ. ಓಡಿದವಳು ಎರಡನೆಯ ಮೂಲೆಗೆ. ಮತ್ತೊಂದು. ಮೂರನೆಯ ಮೂಲೆಗೆ. ಇನ್ನೊಂದು. ಮನೆಗೆ. ಬ್ಯಾಟಿಗೆ ಚೆಂಡೇ ತಾಗದೆ ಒಂದು ರನ್ ಬಂತು.

"ಹಿಡಿಯವ್ವಾ ಹಿಡಿ!" ಎಂದು ಜನ ಕೂಗಿದರು. ಗೋಡೆ ದಾಟಿಸಿದ್ದಕ್ಕೆ ಮತ ಹಾಕಿದ ಜನವೇ.

ನನ್ನ ಪಕ್ಕ ಕುಳಿತ ವಿಜಿಯ ಕೈ ತನ್ನಷ್ಟಕ್ಕೇ ಗ್ಲೌಸು ಹಿಡಿದಂತೆ ಮುಚ್ಚಿ ತೆರೆಯುತ್ತಿತ್ತು. "ಎಡಕ್ಕ... ಎಡಕ್ಕ ಸರಿ... ಮಂಡಿ ಹಚ್ಚು..." ಎಂದು ತುಟಿಯೊಳಗೇ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ನೇತ್ರಾಳ ಹೆಬ್ಬೆರಳಿಗೆ ಚೆಂಡು ಬಡಿದು ಅವಳು ಕೈ ತೊಡೆಯ ನಡುವೆ ಒತ್ತಿಕೊಂಡು ಬಗ್ಗಿದಳು. ಖಾದರ್ ಸರ್ ಓಡಿ ಬೇಲಿಯ ಹತ್ತಿರ ಬಂದು ನಮ್ಮನ್ನು ಹುಡುಕಿದರು. ಕಣ್ಣು ವಿಜಿಯ ಮೇಲೆ ನಿಂತಿತು. ಅವಳು ಎದ್ದು ನಿಂತೇ ಬಿಟ್ಟಳು. ಹಿಂದಿನಿಂದ ಬಸಣ್ಣನವರ ದನಿ ಬಂತು: "ಸರ್, ಪಟ್ಟಿಯಾಗ ಹೆಸರಿಲ್ಲದಾಕಿನ್ನ ಹೆಂಗ ಇಳಸ್ತೀರಿ? ನಾಳೆ ಧಾರವಾಡದವರು ತಕರಾರು ಮಾಡಿದ್ರ?" ಖಾದರ್ ಸರ್ ಅಲ್ಲೇ ನಿಂತರು. ವಿಜಿ ನಿಂತೇ ಇದ್ದಳು. ಕೂರು ಎಂದು ನಾನು ಹೇಳಲಾರದೆ ಹೋದೆ.

ನೇತ್ರಾ ಬೆರಳಿಗೆ ಪಟ್ಟಿ ಸುತ್ತಿಕೊಂಡು ಮತ್ತೆ ಕುಳಿತಳು. ಅವಳ ಮೇಲೆ ಕನಿಕರಕ್ಕೋ ಏನೋ, ಶಮಶಾದ್ ಇಳಿಯುವ ಚೆಂಡು ಬಿಟ್ಟು ನೇರ, ನಿಧಾನದ ಚೆಂಡು ಎಸೆಯತೊಡಗಿದಳು. ಧಾರವಾಡದವರು ಹೊಡೆದರು. ಚೆನ್ನಾಗಿಯೇ ಹೊಡೆದರು. ಬಾಯಿಯವರು ನಡುವೆ ಒಮ್ಮೆ ಫೋನು ನೋಡಿದರು.

ಅವತ್ತಿನ ಒಂದೇ ಒಂದು ಚಂದದ ಆಟ ರೇಣುಕಾಳದು. ಎದುರುಗಾಳಿಗೆ ಸಿಕ್ಕು ತೂಗಾಡುತ್ತ ಇಳಿದ ಎತ್ತರದ ಚೆಂಡಿನ ಕೆಳಗೆ ಅವಳು ಬ್ಯಾಟಿಗೆ ಬೆನ್ನು ಮಾಡಿ ಓಡಿ, ಕೊನೆಗೆ ತಿರುಗಿ, ಕೆಳಗೆ ಬಿದ್ದು ಹಿಡಿದಳು. ಹೊಳೆದಂಡೆಯ ಗಾಳಿಯಲ್ಲಿ ಬೆಳೆದ ಹುಡುಗಿ. ಎಲ್ಲರೂ ಎದ್ದು ನಿಂತರು. ವಿಜಿಯೂ ಚಪ್ಪಾಳೆ ಹೊಡೆದಳು. ನಾನು ಹೊಡೆದೆನೋ ಇಲ್ಲವೋ. ಊರಿಗೊಬ್ಬಳು ಎಂಬ ಆ ನಿಯಮವನ್ನು ಇಷ್ಟು ವರ್ಷ ಬೈಯುತ್ತ ಬಂದ ನಾನು ಈ ಹಿಡಿತದ ಹತ್ತಿರ ಬಂದಾಗಲೆಲ್ಲ ತಡವರಿಸುತ್ತೇನೆ. ಆ ನಿಯಮವಿಲ್ಲದಿದ್ದರೆ ರೇಣುಕಾಳನ್ನು ಯಾರು ನೋಡುತ್ತಿದ್ದರು? ಅವಳಿಗೂ ಯಾರೂ ಮತ ಹಾಕಿರಲಿಲ್ಲ. ಮತದ್ದು ತಪ್ಪೋ, ಪಾಲಿನದ್ದೋ, ಮತ ಬೇಗ ಮುಗಿಸಿದ್ದೋ? ಅಥವಾ ಎಲ್ಲ ಸರಿಯಿದ್ದೂ, ಆಟ ತಿಳಿದ ಒಬ್ಬ ಮನುಷ್ಯ ಒಂದು ಕ್ಷಣ ತನ್ನ ಹೆಸರಿಗೆ ಹೆದರಿದ್ದೋ? ಇನ್ನೊಂದೂ ಇದೆ. ಕೊನೆಯ ಸುತ್ತಿನಲ್ಲಿ ಶಿರಹಟ್ಟಿಯ ವಿರುದ್ಧ ವಿಜಿಯೂ ಒಂದು ಸುಲಭದ ಚೆಂಡು ಬಿಟ್ಟಿದ್ದಳು. ಅದನ್ನು ನಾನು ಯಾರಿಗೂ ನೆನಪಿಸುವುದಿಲ್ಲ.

ಹಾಸ್ಟೆಲಿನವರು ನಮ್ಮ ಕಡೆಯ ಯಾರನ್ನೂ ತೆಗೆದುಕೊಳ್ಳಲಿಲ್ಲ. ಶಮಶಾದಳನ್ನೂ ಇಲ್ಲ. 'ವೇಗ ಸಾಲದು' ಎಂದರಂತೆ. ಅವತ್ತು ವಿಜಿ ಅತ್ತದ್ದು ಅದನ್ನು ಕೇಳಿ. ಈಗ ಅವಳು ಗದಗಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಾಳೆ. ಚೆನ್ನಾಗಿದ್ದಾಳೆ. ಚೆನ್ನಾಗಿಲ್ಲ ಎಂದು ನಾನು ಬರೆದರೆ ಅವಳೇ ಜಗಳಕ್ಕೆ ಬರುತ್ತಾಳೆ. ಮಾವನ ಮನೆಗೂ ಹೋಗುತ್ತಾಳೆ, ಅತ್ತೆಗೆ ಸಕ್ಕರೆ ಪರೀಕ್ಷೆ ಮಾಡಿ ಕೊಡುತ್ತಾಳೆ. ಆಟದ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಬಸ್ಸಿನ ಆ ದಿನದ ನಂತರದ ಭಾನುವಾರ ನಾನು ಶಿರಹಟ್ಟಿಗೆ ಹೋದೆ. ಮಾವ ನಿವೃತ್ತರಾಗಿದ್ದಾರೆ. ಕಟ್ಟೆಯ ಮೇಲೆ ಕುಳಿತು ಹಸಿ ಕಡಲೆಗಿಡದಿಂದ ಕಾಯಿ ಬಿಡಿಸುತ್ತಿದ್ದರು. ನನಗೂ ಒಂದು ಹಿಡಿ ಗಿಡ ಕೊಟ್ಟರು. ಮಳೆ, ಅತ್ತೆಯ ಮಂಡಿ, ನನ್ನ ಕೆಲಸ, ಎಲ್ಲ ಮಾತಾಯಿತು. ಈಗ ಆ ಸಮಿತಿಯೂ ಇಲ್ಲ, ಮುಂಡರಗಿಯಲ್ಲಿ ತಂಡವೂ ಇಲ್ಲ ಎಂದರು. ಆಗ ಕೇಳಿದೆ. ಜೋರಾಗಿ ಕೇಳಲಿಲ್ಲ, ಸಿಟ್ಟಿನಿಂದಲೂ ಅಲ್ಲ. ಮಾವನ ಬೆರಳು ನಿಂತಿತು. ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡರು. ಒಳಗಿನಿಂದ ಅತ್ತೆ ಊಟಕ್ಕೆ ಕರೆದರು, ಇಬ್ಬರೂ ಏಳಲಿಲ್ಲ. ನಾನು ಕೊನೆಯ ಬಸ್ಸು ಹಿಡಿದು ಬಂದೆ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಎರಡು ಸಲವೂ ಬೇರೆ ಮಾತೇ. ನಾನು ಕೇಳಿದ್ದು ಇಷ್ಟು:

"ಮಾವಾ, ಅವತ್ತು ಆಕಿ ಬ್ಯಾರೇದವರ ಮಗಳಾಗಿದ್ರ, ನೀವು ಕೈ ಎತ್ತತಿದ್ರೇನು?"